ತೋಟದಲ್ಲಿ ನನ್ನ ಉಮೇದುವಾರಿ

ಒಂದು ಕಸಬನ್ನು ಹಿರಿಯರೊಬ್ಬರ ಕೈಕೆಳಗೆ ನಿಂತು ಕಲಿಯುವುದಕ್ಕೆ ನಮ್ಮ ಹಿಂದಿನವರು ‘ಉಮೇದುವಾರಿ’ ಎನ್ನುತ್ತಿದ್ದರು. ಈಗ ಎಲ್ಲರೂ ‘ಅಪ್ರೆಂಟಿಸ್’ ಎಂದೇ ಹೇಳುತ್ತಾರೆ. 1961ರಲ್ಲಿ ಬಂದ ಕಾಯಿದೆಯೂ ಅದೇ ಹೆಸರಿನದು. ಹೆಸರು ಯಾವುದಾದರೇನು, ಸಂಬಳ ಸ್ವಲ್ಪ, ಕೆಲಸ ಬಹಳ, ಬೈಗುಳು ಧಾರಾಳ ಎಂಬ ಮೂರು ಲಕ್ಷಣಗಳು ಎರಡಕ್ಕೂ ಸಮಾನವಾಗಿವೆ. ಅಂಥ ಉಮೇದುವಾರಿಯನ್ನು ನಾನು ಒಂದು ವರ್ಷಕಾಲ ಈ ಚೆನ್ನೈ ನಗರದ ಅಂಚಿನ ಒಂದು ಹೂಗಿಡಗಳ ನರ್ಸರಿಯಲ್ಲಿ ಮಾಡಿದೆನು. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಗುರುಗಳು ಅಪ್ಪಣೆ ಮಾಡಿದಾಗ, ನನಗೆ ಚೆನ್ನಾಗಿ ಗೊತ್ತಿರುವ ವಿಷಯ ಇದೊಂದೇ ಎಂದು ಇದನ್ನೇ ಬರೆಯಲು ಕುಳಿತಿದ್ದೇನೆ.

ನಮ್ಮ ತಂದೆಯವರು ಕುಂದಾಪುರದ ಕಡೆಯವರು. ಎಳೆಯ ವಯಸ್ಸಿನಲ್ಲಿಯೇ ಮದರಾಸಿಗೆ ಬಂದು ಹೋಟೆಲಿನ ಕೆಲಸಕ್ಕೆ ಸೇರಿದವರು. ಕೆಥೀಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಎಂಬ ಹೋಟೆಲು ಇದ್ದಿತಷ್ಟೆ; ಉಡುಪಿಯ ಸೀಮೆಯಿಂದ ಬಂದು ಹೆಸರು ಗಳಿಸಿದ ಕೃಷ್ಣರಾಯರ ಸಂಸ್ಥೆ. 1962ರಲ್ಲಿ ಆರಂಭವಾಗಿ 2008ರಲ್ಲಿ ಮುಚ್ಚಿದ ಆ ಹೋಟೆಲಿನಲ್ಲಿ ತಂದೆಯವರು ಅನೇಕ ವರ್ಷ ತಿಂಡಿ ಬಡಿಸಿದ್ದರು. ಜನರು ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿ ಅಲ್ಲಿಯೇ ಕುಳಿತು ಉಣ್ಣುತ್ತಿದ್ದರು. ಒಂದು ಕೈಯಲ್ಲಿ ತಟ್ಟೆಗಳ ಸಾಲನ್ನು ಹೊತ್ತು, ಉದುರಿದ ಎಲೆಗಳ ಮೇಲೆ ನಡೆದು, ಕಾರಿನಿಂದ ಕಾರಿಗೆ ಹೋಗುತ್ತಿದ್ದುದನ್ನು ಅವರು ವರ್ಣಿಸುವಾಗ, ಅದು ಹೋಟೆಲೋ ತೋಪೋ ಎಂದು ನನಗೆ ಸಂಶಯವಾಗುತ್ತಿದ್ದಿತು. ಆ ನೆಲದಲ್ಲಿಯೇ 2010ರಲ್ಲಿ ‘ಸೆಮ್ಮೊಳಿ ಪೂಂಗಾ’ ಎಂಬ ಸುಮಾರು 20 ಎಕರೆಯ ಸಾರ್ವಜನಿಕ ಸಸ್ಯೋದ್ಯಾನವು ಆರಂಭವಾಯಿತು. ಅದಾದ ಸ್ವಲ್ಪ ದಿನಗಳಲ್ಲಿಯೇ ತಂದೆಯವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, “ಈ ಮರದ ಕೆಳಗೆ ನಾನು ಎಷ್ಟು ದೋಸೆ ಕೊಟ್ಟಿದ್ದೇನೋ ಲೆಕ್ಕವಿಲ್ಲ, ಮಗಾ” ಎಂದು ಒಂದು ಹಳೆಯ ಮರವನ್ನು ತೋರಿಸಿದರು. ನಾನು ಮರವನ್ನು ನೋಡಲಿಲ್ಲ. ಅದರ ಬುಡದಲ್ಲಿ ಬಣ್ಣದ ಎಲೆಗಿಡಗಳನ್ನು ಮೊಣಕಾಲೂರಿ ನೆಡುತ್ತಿದ್ದ ಒಬ್ಬ ಮುದುಕನನ್ನು ನೋಡುತ್ತ ನಿಂತೆನು. ನೆಟ್ಟ ಮೇಲೆ ಆತನು ಎರಡು ಹೆಬ್ಬೆರಳುಗಳಿಂದ ಮಣ್ಣನ್ನು ಒತ್ತಿದ ರೀತಿಯು, ಮಗುವಿಗೆ ಹೊದಿಕೆ ಸರಿಪಡಿಸುವ ತಾಯಿಯ ಕೈಯಂತೆ ಕಂಡಿತು. ಅಂದೇ ನನ್ನ ಮನಸ್ಸು ಆ ಕಡೆಗೆ ಒಲಿಯಿತೆಂದು ಈಗ ತೋರುತ್ತದೆ.

ಹತ್ತನೆಯ ತರಗತಿ ಮುಗಿದ ಮೇಲೆ, 2015ರ ಜೂನಿನಲ್ಲಿ, ನಾನು ತೋಟದ ಕೆಲಸ ಕಲಿಯುತ್ತೇನೆಂದು ಮನೆಯಲ್ಲಿ ಹೇಳಿದೆನು. ತಾಯಿಯವರು ಸುಮ್ಮನಾದರು. ತಂದೆಯವರು ಸುಮ್ಮನಾಗಲಿಲ್ಲ. “ನಾನು ಇಷ್ಟು ವರ್ಷ ಕಂಡವರ ತಟ್ಟೆ ಎತ್ತಿದ್ದು ನೀನು ಮಣ್ಣು ಹೊರಲಿ ಎಂದೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವರೇ, “ಒಂದು ವರ್ಷ. ಆಮೇಲೆ ನೋಡುವ” ಎಂದರು. ಆ ಒಂದು ವರ್ಷದಲ್ಲಿ ನಾನು ಏನಾದರೂ ಆಗಿ ತೋರಿಸಬೇಕಾಗಿದ್ದಿತು.

ನರ್ಸರಿಯಲ್ಲಿ ಯಜಮಾನರು ಒಬ್ಬರು. ಅವರ ಕೆಳಗೆ ನಲವತ್ತು ವರ್ಷ ಮಣ್ಣಿನಲ್ಲಿ ಕಳೆದ ಒಬ್ಬ ಮೇಸ್ತ್ರಿ. ಆಳುಗಳು ಏಳೆಂಟು ಮಂದಿ. ಮೇಸ್ತ್ರಿಯವರು ತಮಿಳರು. ನಾನು ಅವರನ್ನು ‘ಐಯಾ’ ಎಂದೂ, ಅವರು ನನ್ನನ್ನು ‘ತಂಬಿ’ ಎಂದೂ ಕರೆಯುತ್ತಿದ್ದೆವು. ಮೊದಲನೆಯ ದಿನ, ಕತ್ತರಿ ಹಿಡಿದು ಗಿಡಗಳನ್ನು ಗೋಳಾಕಾರವಾಗಿಯೋ ನವಿಲಿನ ಆಕಾರವಾಗಿಯೋ ಸವರುವುದನ್ನು ಕಲಿಸುವರೆಂದು ಹಿಗ್ಗಿನಿಂದ ಹೋದ ನನ್ನ ಕೈಗೆ ಅವರು ನೀರೆರೆಯುವ ತಗಡಿನ ಡಬ್ಬವನ್ನು ಕೊಟ್ಟರು. ತಮಿಳಿನಲ್ಲಿ ಅದಕ್ಕೆ ‘ಪೂವಾಳಿ’ ಎಂದು ಹೆಸರು. ಹೂವಿನ ಬಕೆಟ್ಟು ಎಂದರ್ಥ. ಎಂಥ ಸುಂದರವಾದ ಹೆಸರು! ಆದರೆ ನೀರು ತುಂಬಿದ ಎರಡು ಪೂವಾಳಿಗಳನ್ನು ಎರಡು ಕೈಗಳಲ್ಲಿ ಹಿಡಿದು ನೂರು ಸಲ ತಿರುಗಿದವನಿಗೆ ಆ ಸೌಂದರ್ಯವು ಅಷ್ಟಾಗಿ ಕಾಣುವುದಿಲ್ಲ.

“ಇದನ್ನು ಎಷ್ಟು ದಿನ ಮಾಡಬೇಕು, ಐಯಾ?” ಎಂದು ಮೂರನೆಯ ದಿನ ಕೇಳಿದೆನು.

“ನಾನು ಇನ್ನೂ ಮಾಡುತ್ತಿದ್ದೇನಲ್ಲ, ತಂಬಿ” ಎಂದರು.

ನೀರೆರೆಯುವುದರಲ್ಲಿ ಕಲಿಯುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಮೇಸ್ತ್ರಿಯವರು ಮಣ್ಣಿನ ಕುಂಡಗಳ ಸಾಲಿನಲ್ಲಿ ನಡೆಯುತ್ತ ಬೆರಳಿನ ಗೆಣ್ಣಿನಿಂದ ಒಂದೊಂದನ್ನೂ ತಟ್ಟುತ್ತಿದ್ದರು. ಒಳಗಿನ ಮಣ್ಣು ಒಣಗಿದ್ದರೆ ಕುಂಡವು ಗಂಟೆಯಂತೆ ಠಣ್ ಎನ್ನುತ್ತದೆ. ಒದ್ದೆಯಾಗಿದ್ದರೆ ಮಡಿಕೆಯೊಳಗಿನ ಹಿಟ್ಟಿನಂತೆ ದಪ್ಪ ಧ್ವನಿ ಕೊಡುತ್ತದೆ. ಠಣ್ ಎಂದುದಕ್ಕೆ ನೀರು, ಮಿಕ್ಕುದಕ್ಕೆ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿರುವ ಗಿಡವಾದರೆ ಎತ್ತಿ ತೂಕ ನೋಡಬೇಕು. ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಎರೆಯಬೇಕು. ಮಣ್ಣು ಹಳ್ಳ ಬೀಳದಂತೆ ನಿಧಾನವಾಗಿ ಎರೆಯಬೇಕು. ಕುಂಡದ ತಳದ ತೂತಿನಿಂದ ಹನಿ ಹೊರಬಂದರೆ ನಿಲ್ಲಿಸಬೇಕು. ಮೇ ತಿಂಗಳ ಮೊದಲ ವಾರದಲ್ಲಿ ಆರಂಭವಾಗುವ ಅಗ್ನಿನಕ್ಷತ್ರದ ಕಾಲದಲ್ಲಿ, ಈ ಊರಿನ ಜನರು ‘ಕತ್ತಿರಿ ವೆಯಿಲ್’ ಎನ್ನುವ ಆ ಬಿಸಿಲಿನಲ್ಲಿ, ಎಂಟು ಗಂಟೆಯೊಳಗೆ ನೀರಿನ ಕೆಲಸ ಮುಗಿಯಬೇಕು. ನೂರಾರು ಕುಂಡಗಳು, ಪ್ರತಿಯೊಂದರದೂ ಬೇರೆ ಹಸಿವು, ಬೇರೆ ಬಾಯಾರಿಕೆ. ಎರಡು ತಿಂಗಳಾದ ಮೇಲೆ ನನ್ನ ಗೆಣ್ಣಿಗೆ ಕಿವಿ ಬಂದಿತು.

ಇನ್ನೊಂದು ಸೋಜಿಗ ಕಾಗದದ ಹೂವಿನದು. ಬೋಗನ್‌ವಿಲ್ಲಾ ಎಂಬ ಈ ಬಳ್ಳಿಯ ಬಣ್ಣದ ದಳಗಳೆಂದು ನಾವು ತಿಳಿದಿರುವುವು ನಿಜವಾಗಿ ದಳಗಳಲ್ಲ. ಅವು ಬಣ್ಣಗೊಂಡ ಎಲೆಗಳು. ಅವುಗಳ ನಡುವೆ ಕಡ್ಡಿಯಂತೆ ನಿಂತಿರುವ ಸಣ್ಣ ಬಿಳಿಯದೇ ಹೂವು. ಈ ಗಿಡಕ್ಕೆ ನೀರು ಗೊಬ್ಬರಗಳನ್ನು ಧಾರಾಳವಾಗಿ ಕೊಟ್ಟರೆ ಅದು ಹಸುರೆಲೆಗಳಿಂದ ಕೊಬ್ಬಿ ಬೆಳೆಯುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಬಿಸಿಲಿನಲ್ಲಿಟ್ಟು, ಎಲೆ ಬಾಡಲು ತೊಡಗುವವರೆಗೂ ನೀರು ತಡೆದು, ಆಮೇಲೆ ಸ್ವಲ್ಪ ಕೊಟ್ಟರೆ ಮೈತುಂಬ ಹೂ. ನಮ್ಮ ಮನೆಯ ಮುಂದಿನ ಕಾಗದದ ಹೂವಿನ ಬಳ್ಳಿಗೆ ತಾಯಿಯವರು ದಿನಕ್ಕೆ ಎರಡು ಹೊತ್ತು ನೀರೆರೆದು, ಅದು ಹೂ ಬಿಡಲಿಲ್ಲವೆಂದು ಮರುಗುತ್ತಿದ್ದರು. ನಾನು ನರ್ಸರಿಯಿಂದ ಬಂದು ಮಾಡಿದ ಮೊದಲನೆಯ ಉಪಕಾರವೆಂದರೆ ಆ ನೀರನ್ನು ನಿಲ್ಲಿಸಿದುದು. ಆರು ವಾರಗಳಲ್ಲಿ ಬಳ್ಳಿಯು ಕೆಂಪಾಯಿತು. ತಂದೆಯವರು ಏನೂ ಹೇಳಲಿಲ್ಲ. ಆದರೆ ಕೆಲಸಕ್ಕೆ ಹೋಗುವಾಗ ಬಾಗಿಲಲ್ಲಿ ಒಂದು ನಿಮಿಷ ನಿಂತು ಅದನ್ನು ನೋಡಿದುದನ್ನು ನಾನು ಕಂಡೆನು.

ನರ್ಸರಿಯಲ್ಲಿ ನನ್ನ ಕನ್ನಡಕ್ಕೆ ಏನು ಬೆಲೆ ಎಂದು ಮೊದಲು ಅಂಜಿಕೆಯಿದ್ದಿತು. ನಮ್ಮ ದಾಸವಾಳವು ಅಲ್ಲಿ ಸೆಂಬರುತ್ತಿ, ಕಣಗಿಲೆಯು ಅರಳಿ, ಪಾರಿಜಾತವು ಪವಳಮಲ್ಲಿ. ನಾನು ‘ಅರಳಿ’ ಎಂದಾಗ ಅಶ್ವತ್ಥವೃಕ್ಷವನ್ನು ನೆನೆದೆನು. ಮೇಸ್ತ್ರಿಯವರು ಕಣಗಿಲೆಯನ್ನು ತೋರಿಸಿದರು. ಹೀಗೆ ಒಂದು ದಿನ ಅರಳಿಯ ಕಡ್ಡಿ ತಾ ಎಂದರೆ ಹಿಂದಿನ ಬೀದಿಯ ಕಟ್ಟೆಯ ಮೇಲಿದ್ದ ಅಶ್ವತ್ಥದ ಕೊಂಬೆಯನ್ನು ಮುರಿದು ತಂದು ಎಲ್ಲರ ನಗೆಗೆ ಗುರಿಯಾದೆನು. ಇಂಥ ತೊಡಕಿನಿಂದ ಪಾರಾಗಲೆಂದೇ ವಿದ್ವಾಂಸರು ಪ್ರತಿಯೊಂದು ಗಿಡಕ್ಕೂ ಲ್ಯಾಟಿನ್ ಹೆಸರನ್ನು ಕೊಟ್ಟಿದ್ದಾರೆ. ಸ್ವೀಡನ್ ದೇಶದ ಲಿನೇಯಸ್ ಎಂಬ ಸಸ್ಯವಿಜ್ಞಾನಿಯು 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಎರಡು ಪದಗಳ ನಾಮಕರಣವು ಸಸ್ಯಲೋಕದಲ್ಲಿ ನೆಲೆಗೊಂಡಿತು. ಕಣಗಿಲೆ ಎನ್ನಿ, ಅರಳಿ ಎನ್ನಿ, ನೀರಿಯಂ ಒಲಿಯಾಂಡರ್ ಎಂದರೆ ಎಲ್ಲ ದೇಶದ ತೋಟಗಾರನಿಗೂ ಒಂದೇ ಗಿಡ. ನಾನು ಒಂದು ಪುಸ್ತಕದಲ್ಲಿ ಮೂರು ಗೆರೆ ಎಳೆದು, ಕನ್ನಡ, ತಮಿಳು, ಲ್ಯಾಟಿನ್ ಎಂದು ಬರೆದುಕೊಳ್ಳತೊಡಗಿದೆನು. ಕನಕಾಂಬರ, ಮಲ್ಲಿಗೆ, ನಂದಿಬಟ್ಟಲುಗಳ ಸಾಲಿಗೆ ಬಂದಾಗ ಕನ್ನಡವೂ ತಮಿಳೂ ಬಹುಮಟ್ಟಿಗೆ ಒಂದೇ ಆಗಿ, ಎರಡು ಮನೆಗಳ ನಡುವಿನ ಗೋಡೆಯಲ್ಲಿ ಬಾಗಿಲು ಕಂಡಂತೆ ಸಂತೋಷವಾಗುತ್ತಿದ್ದಿತು.

ಇನ್ನೊಂದು ಸಂಗತಿಯೂ ಆ ಪುಸ್ತಕದಿಂದ ತಿಳಿಯಿತು. ನಾವು ನಮ್ಮದೆಂದು ಅಂಗಳದಲ್ಲಿ ಬೆಳೆಸುವ ಅಲಂಕಾರದ ಗಿಡಗಳಲ್ಲಿ ಹಲವು ಪರದೇಶದವು. ಕಾಗದದ ಹೂವು ದಕ್ಷಿಣ ಅಮೆರಿಕದ್ದು. ಬಣ್ಣದೆಲೆಯ ಕ್ರೋಟನ್ನು ಇಂಡೊನೇಷ್ಯದಿಂದ ಆಚೆಗಿನ ದ್ವೀಪಗಳದು. ಚೆಂಡುಹೂವು ಮೆಕ್ಸಿಕೊ ಕಡೆಯದು. ಮದರಾಸಿನಲ್ಲಿ ಕೃಷಿ-ತೋಟಗಾರಿಕೆಯ ಸಂಘವೊಂದು 1835ರಲ್ಲಿಯೇ ಸ್ಥಾಪಿತವಾಗಿ, ಹೊರಗಿನ ಸಸ್ಯಗಳನ್ನು ಈ ನೆಲದಲ್ಲಿ ಬೆಳೆಸಿ ನೋಡುವ ಕೆಲಸಕ್ಕೆ ಕೈಹಾಕಿತ್ತು. ಅದರ ತೋಟವು ಇದ್ದುದೂ ಅದೇ ಕೆಥೀಡ್ರಲ್ ರಸ್ತೆಯಲ್ಲಿಯೇ. ಎಲ್ಲಿಂದಲೋ ಬಂದು, ಈ ಉಪ್ಪುಗಾಳಿಗೂ ಮರಳುನೆಲಕ್ಕೂ ಹೊಂದಿಕೊಂಡು, ಈಗ ಇಲ್ಲಿಯವೇ ಆಗಿ ಹೂ ಬಿಡುತ್ತಿರುವ ಆ ಗಿಡಗಳ ಪಟ್ಟಿಯನ್ನು ಬರೆಯುವಾಗ ನನಗೆ ತಂದೆಯವರ ನೆನಪಾಗುತ್ತಿದ್ದಿತು.

ಮಣ್ಣಿನ ಪಾಠ ಬಂದುದು ಆಗಸ್ಟಿನಲ್ಲಿ. ಕೆಂಪುಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಸಗಣಿಗೊಬ್ಬರ ಒಂದು ಪಾಲು. ಕುಂಡದ ತೂತಿನ ಮೇಲೆ ಬೋರಲಾಗಿ ಒಂದು ಓಡಿನ ಚೂರು. ಗೊಬ್ಬರ ಕಳಿತಿದೆಯೇ ಎಂದು ಮೂಸಿ ನೋಡಬೇಕು: ಮೊದಲ ಮಳೆಯ ನೆಲದ ವಾಸನೆ ಬಂದರೆ ಸರಿ, ಕೊಟ್ಟಿಗೆಯ ವಾಸನೆ ಬಂದರೆ ಕಾಯಬೇಕು. ಆ ಮೇಲೆ ಕಡ್ಡಿ ನೆಡುವುದು, ಗೂಟಿ ಕಟ್ಟುವುದು. ಕ್ರೋಟನ್ನಿನ ಕೊಂಬೆಯ ಮೇಲೆ ಒಂದು ಅಂಗುಲದಷ್ಟು ತೊಗಟೆಯನ್ನು ಉಂಗುರದಂತೆ ತೆಗೆದು, ಅಲ್ಲಿಗೆ ಒದ್ದೆಯಾದ ತೆಂಗಿನ ನಾರಿನ ಪುಡಿಯನ್ನು ಮೆತ್ತಿ, ಪ್ಲಾಸ್ಟಿಕ್ಕಿನಿಂದ ಸುತ್ತಿ ಎರಡು ಕಡೆ ಬಿಗಿದರೆ, ಕೆಲವು ವಾರಗಳಲ್ಲಿ ಒಳಗೆ ಬಿಳಿಯ ಬೇರುಗಳು ಕಾಣುತ್ತವೆ. ಎಲೆಯಲ್ಲಿ ತಯಾರಾದ ಆಹಾರವು ತೊಗಟೆಯ ದಾರಿಯಿಂದ ಕೆಳಗಿಳಿಯುವುದು. ದಾರಿ ಕಡಿದುಹೋದಾಗ ಅಲ್ಲಿಯೇ ತಂಗಿ ಬೇರಾಗುವುದು. ಹಾಗೆ ಬೇರು ಬಂದ ಕೊಂಬೆಯನ್ನು ಕತ್ತರಿಸಿ ನೆಟ್ಟರೆ, ತಾಯಿಗಿಡದ ಬಣ್ಣವೇ ಕೂದಲೆಳೆಯಷ್ಟೂ ಬದಲಾಗದೆ ಬರುತ್ತದೆ. ಆದುದರಿಂದ ನರ್ಸರಿಯ ನಿಜವಾದ ಆಸ್ತಿಯು ಮಾರಾಟಕ್ಕಿಟ್ಟ ಸಾವಿರಾರು ಕುಂಡಗಳಲ್ಲ. ಹಿಂಬದಿಯ ನೆರಳಿನಲ್ಲಿ ಯಾರಿಗೂ ಮಾರದೆ ಉಳಿಸಿಕೊಂಡಿರುವ ತಾಯಿಗಿಡಗಳು.

ಈ ಗೂಟಿಯ ಕೆಲಸವನ್ನು ನನಗೆ ಕಲಿಸಿದವರು ಅಲ್ಲಿ ದಿನಗೂಲಿಗೆ ಬರುತ್ತಿದ್ದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ‘ಅಕ್ಕಾ’ ಎಂದೇ ಕರೆಯುತ್ತಿದ್ದರು. ಆ ಶಬ್ದ ಎರಡು ನುಡಿಗಳಲ್ಲಿಯೂ ಒಂದೇ ಆದ್ದರಿಂದ ನನಗೆ ಹೊಸದಾಗಿ ಕಲಿಯಬೇಕಾಗಲಿಲ್ಲ. ಓದುಬರಹ ಬಾರದವರು, ಆದರೆ ಬೀಜ ಬಿತ್ತುವುದರಲ್ಲಿ ಅವರ ಕೈ ಮಿಂಚಿದ ಕೈಯಿಲ್ಲ. ನಾನು ಹೇಳಬೇಕಾದ ಮುಖ್ಯವಾದ ವಿಷಯವು ಅವರಿಗೆ ಸಂಬಂಧಿಸಿದ್ದು; ಇಲ್ಲಿಯವರೆಗೆ ಬರೆದುದು ಅದಕ್ಕೆ ಪೀಠಿಕೆಯಷ್ಟೆ.

ಅಕ್ಟೋಬರಿನಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆಂದು ಹೂಗಿಡಗಳಿಗೆ ಬೇಡಿಕೆ ಬಂದಿತು, ಪೆಟೂನಿಯಾ ಮುಖ್ಯವಾದುದು. ಪೆಟೂನಿಯಾದ ಬೀಜವು ಧೂಳಿನಂತಿರುತ್ತದೆ. ಒಂದು ಗ್ರಾಮಿನಲ್ಲಿ ಸುಮಾರು 10,000 ಬೀಜಗಳು. ಅಕ್ಕನು ಅದನ್ನು ಸಣ್ಣ ಮರಳಿನೊಡನೆ ಬೆರೆಸಿ, ರಂಗೋಲಿ ಬಿಡುವಂತೆ ಬೆರಳುಗಳ ನಡುವಿನಿಂದ ಆರು ತಟ್ಟೆಗಳಲ್ಲಿ ಬಿತ್ತಿದರು. ಒಂದು ವಾರದಲ್ಲಿ ಹಸುರು ಮಂಜು ಕವಿದಂತೆ ಸಸಿಗಳು ಎದ್ದವು. “ತಂಬಿ, ಬೆಳಿಗ್ಗೆ ಒಂದು ಸಲ; ಅದೂ ಮೇಲುಮಣ್ಣು ಒಣಗಿದ್ದರೆ ಮಾತ್ರ ನೀರು” ಎಂದು ನನಗೆ ಒಪ್ಪಿಸಿದರು.

ನನಗೆ ಆ ಸಸಿಗಳ ಮೇಲೆ ವಿಪರೀತವಾದ ಮಮತೆ ಹುಟ್ಟಿತು. ಮೋಡ ಕವಿದು ಸೆಕೆಯಾದ ದಿನಗಳು. ಸಂಜೆಯ ಹೊತ್ತಿಗೆ ಮೇಲುಮಣ್ಣು ಬೆಳ್ಳಗೆ ಕಾಣುತ್ತಿದ್ದಿತು. ಪಾಪ, ಬಾಯಾರಿರಬಹುದೆಂದು, ಎಲ್ಲರೂ ಹೊರಟ ಮೇಲೆ ನಾನು ಪೂವಾಳಿ ಹಿಡಿದು ಸಂಜೆಯೂ ನೀರು ಚಿಮುಕಿಸಿದೆನು. ಹೀಗೆ ಮೂರು ಸಂಜೆ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದಾಗ ನಾಲ್ಕು ತಟ್ಟೆಗಳಲ್ಲಿ ಸಸಿಗಳು ಹಸುರಾಗಿದ್ದಂತೆಯೇ ನೆಲಕ್ಕೆ ಒರಗಿದ್ದವು. ಮಣ್ಣಿಗೆ ತಾಗಿದ ಕಡೆ ಕಾಂಡವು ನೂಲಿನಂತೆ ಸೊರಗಿ ಕೊಳೆತಿದ್ದಿತು. ಎಳೆಸಸಿಗಳ ಬುಡ ಕೊಳೆಯುವ ಈ ರೋಗಕ್ಕೆ ಪೈಥಿಯಂ ಮೊದಲಾದ ಶಿಲೀಂಧ್ರದಂಥ ಸೂಕ್ಷ್ಮಜೀವಿಗಳು ಕಾರಣವೆಂದೂ, ರಾತ್ರಿಯಿಡೀ ಒದ್ದೆಯಾಗಿರುವ ಮಣ್ಣು, ಗಾಳಿಯಾಡದಿರುವುದು, ಬೀಜವನ್ನು ಒತ್ತಾಗಿ ಬಿತ್ತುವುದು ಇವೆಲ್ಲ ಅವಕ್ಕೆ ಅನುಕೂಲವೆಂದೂ ಆಮೇಲೆ ಓದಿ ತಿಳಿದೆನು. ಆ ಬೆಳಿಗ್ಗೆ ನನಗೆ ತಿಳಿದಿದ್ದುದು ಒಂದೇ: ನಾನು ಕೊಂದೆನು.

ಅಷ್ಟರಲ್ಲಿ ಯಜಮಾನರು ಬಂದರು. “ಬಿತ್ತಿದವರು ಯಾರು?” ಎಂದರು. ಅಕ್ಕನು ತಲೆ ತಗ್ಗಿಸಿ, “ನಾನೇ” ಎಂದರು. ಬೀಜವನ್ನು ಒತ್ತೊತ್ತಾಗಿ ಸುರಿದಿದ್ದಾಳೆ, ಬೆಲೆಬಾಳುವ ಬೀಜ ಮಣ್ಣುಪಾಲಾಯಿತು ಎಂದು ಯಜಮಾನರು ಕೂಗಾಡಿ, ಅರ್ಧ ದಿನದ ಕೂಲಿಯನ್ನು ಹಿಡಿದುಕೊಳ್ಳುವುದಾಗಿ ಹೇಳಿ ಹೊರಟುಹೋದರು. ನಾನು ಹತ್ತು ಅಡಿಯ ದೂರದಲ್ಲಿ ಪೂವಾಳಿ ಹಿಡಿದು ನಿಂತಿದ್ದೆನು. ಬಾಯಿ ತೆರೆಯಲು ಬೇಕಾದಷ್ಟು ಸಮಯವಿದ್ದಿತು. ತೆರೆಯಲಿಲ್ಲ. ಕೆಲಸ ಹೋದರೆ ತಂದೆಯವರ ಮುಂದೆ ಹೇಗೆ ನಿಲ್ಲಲಿ ಎಂಬ ಭಯವೊಂದೇ ತಲೆಯಲ್ಲಿ ತುಂಬಿದ್ದಿತು.

ಮೂರು ರಾತ್ರಿ ನಿದ್ರೆ ಬರಲಿಲ್ಲವೆಂದರೆ ಅದು ಪುಸ್ತಕದ ಮಾತಾಗುತ್ತದೆ, ನಿದ್ರೆ ಬಂದಿತು. ಆದರೆ ಹಗಲು ಕಷ್ಟವಾಯಿತು. ಅಕ್ಕನು ಎಂದಿನಂತೆ ಮಧ್ಯಾಹ್ನ ತಮ್ಮ ಬುತ್ತಿಯಿಂದ ಒಂದು ತುಂಡು ಕರಿದ ಮೆಣಸಿನಕಾಯಿಯನ್ನು ನನ್ನ ಮೊಸರನ್ನದ ಮೇಲಿಟ್ಟರು. ಅದನ್ನು ನುಂಗಲಾಗಲಿಲ್ಲ. ನಾಲ್ಕನೆಯ ದಿನ ನಾನು ಮೇಸ್ತ್ರಿಯವರ ಬಳಿ ಹೋಗಿ ಎಲ್ಲವನ್ನೂ ಹೇಳಿದೆನು. ಅವರು ಕೈಯಲ್ಲಿದ್ದ ಗಿಡವನ್ನು ನೆಟ್ಟು ಮುಗಿಸಿ, “ನನಗೆ ಹೇಳಿದರೆ ಏನು ಬಂತು, ತಂಬಿ? ಕೂಲಿ ಹೋದದ್ದು ನನ್ನದಲ್ಲವಲ್ಲ” ಎಂದರು. ನನ್ನೊಡನೆ ಬರುವರೆಂದು ಎಣಿಸಿದ್ದೆನು, ಬರಲಿಲ್ಲ. ನಾನೊಬ್ಬನೇ ಯಜಮಾನರಲ್ಲಿಗೆ ಹೋದೆನು.

ಯಜಮಾನರು ಬಹಳ ಹೊತ್ತು ನನ್ನನ್ನು ನೋಡಿದರು. ಆ ಬೀಜದ ಬೆಲೆಯನ್ನೂ ಅಕ್ಕನ ಅರ್ಧ ದಿನದ ಕೂಲಿಯನ್ನೂ ನನ್ನ ತಿಂಗಳ ಹಣದಿಂದ ಹಿಡಿದು, ಕೂಲಿಯನ್ನು ಅವರಿಗೆ ಕೊಡಿಸಿದರು. ಕೆಲಸದಿಂದ ತೆಗೆಯಲಿಲ್ಲ. ಅಕ್ಕನ ಮುಂದೆ ಹೋಗಿ ನಿಂತಾಗ ನನ್ನ ತಮಿಳೆಲ್ಲ ಮರೆತುಹೋಗಿ, “ತಪ್ಪಾಯಿತು, ಅಕ್ಕಾ” ಎಂದು ಕನ್ನಡದಲ್ಲಿಯೇ ಹೇಳಿಬಿಟ್ಟೆನು. ಅವರಿಗೆ ಅರ್ಥವಾಯಿತು.

“ನನಗೆ ಅಂದೇ ಗೊತ್ತಿತ್ತು, ತಂಬಿ. ಬೆಳಿಗ್ಗೆ ಬಂದಾಗ ತಟ್ಟೆಯ ತಳ ತಣ್ಣಗಿತ್ತು” ಎಂದರು.

“ಮತ್ತೆ ಏಕೆ ಹೇಳಲಿಲ್ಲ?”

“ಹೇಳಿದ್ದರೆ ನಿನ್ನನ್ನು ಕಳುಹಿಸಿಬಿಡುತ್ತಿದ್ದರು. ನನ್ನನ್ನು ಬೈದು ಬಿಡುತ್ತಾರೆ, ಅಷ್ಟೆ.”

ಆ ಮಧ್ಯಾಹ್ನವೇ ಅವರು ನನ್ನನ್ನು ಕೂರಿಸಿಕೊಂಡು ಹೊಸ ತಟ್ಟೆಗಳಲ್ಲಿ ಬೀಜ ಬಿತ್ತಿಸಿದರು. ಹಳೆಯ ಮಣ್ಣನ್ನು ಎಸೆದು, ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟು, ಹೊಸ ಮಣ್ಣು ತುಂಬಿದೆವು. ನೀರನ್ನು ಮೇಲಿನಿಂದ ಹಾಕದೆ, ತಟ್ಟೆಯನ್ನು ನೀರು ತುಂಬಿದ ಬಾಣಲೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಕೆಳಗಿನಿಂದ ಹೀರಿಸುವ ಉಪಾಯವನ್ನು ತೋರಿಸಿದರು. ಉಳಿದ ಎರಡು ತಟ್ಟೆಗಳ ಸಸಿಗಳೂ ಈ ಹೊಸವೂ ಸೇರಿ, ಬೇಡಿಕೆಗೆ ಸಾಕಾಗುವಷ್ಟು ಗಿಡಗಳು ಆಗುವಂತಿದ್ದವು. ಆದರೆ ಮಳೆಯ ಲೆಕ್ಕವೇ ಬೇರೆಯಾಗಿದ್ದಿತು.

ಚೆನ್ನೈಗೆ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದಿಂದ. 2015ರಲ್ಲಿ ಅದು ಮಿತಿಮೀರಿ ಸುರಿಯಿತು. ಡಿಸೆಂಬರ್ 1ರಂದು ಹಗಲಿರುಳು ಮಳೆ ಹೊಯ್ದು, ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರೂ ಸೇರಿ, ಅಡ್ಯಾರು ನದಿಯು ಉಕ್ಕಿ ನಗರದ ತಗ್ಗಿನ ಭಾಗಗಳನ್ನೆಲ್ಲ ನುಂಗಿತು. ನಿಮ್ಮಲ್ಲಿ ಕೆಲವರ ಮನೆಗಳೂ ಅದನ್ನು ಕಂಡಿರಬಹುದು. ನಮ್ಮ ನರ್ಸರಿಯಲ್ಲಿ ಸೊಂಟದವರೆಗೆ ನೀರು. ಅಂದು ಸಂಜೆ ನೀರು ಏರತೊಡಗಿದಾಗ ಮೇಸ್ತ್ರಿಯವರು ಮಾರಾಟದ ಗಿಡಗಳ ಕಡೆ ತಿರುಗಿಯೂ ನೋಡದೆ, “ತಾಯಿಗಿಡ, ತಾಯಿಗಿಡ” ಎಂದು ಕೂಗಿದರು. ನಾವು ಐದು ಮಂದಿ, ಅಕ್ಕನೂ ಸೇರಿ, ಕತ್ತಲಾಗುವವರೆಗೆ ಅವುಗಳನ್ನು ಪಂಪು ಮನೆಯ ತಾರಸಿಗೆ ಹೊತ್ತೆವು. ಪೆಟೂನಿಯಾಗಳು ಹೋದವು, ಸಾವಿರಾರು ಚೀಲದ ಗಿಡಗಳು ತೇಲಿ ಬೇಲಿಗೆ ಹೋಗಿ ಒತ್ತಿದವು. ಆ ಶಾಲೆಯ ಉತ್ಸವವೂ ಮುಂದಕ್ಕೆ ಹೋಯಿತೆಂದು ಆಮೇಲೆ ಕೇಳಿದೆನು.

ನೀರಿಳಿದ ಮೇಲೆ ಅಕ್ಕನು ಎರಡು ದಿನ ಬರಲಿಲ್ಲ. ನಾನು ವಿಳಾಸ ಕೇಳಿಕೊಂಡು ಹೋದೆನು. ತಂದೆಯವರೂ ಹೋಟೆಲು ಮುಚ್ಚಿದ್ದ ಕಾರಣ ಒಂದು ಡಬ್ಬಿ ಅನ್ನವನ್ನು ಹಿಡಿದು ನನ್ನೊಡನೆ ಬಂದರು. ಒಂದೇ ಕೋಣೆಯ ಮನೆ; ಮೊಣಕಾಲವರೆಗೆ ಕೆಸರು. ನಾವು ಮೂವರೂ ಅವರ ಇಬ್ಬರು ಮಕ್ಕಳೂ ಸೇರಿ ಸಂಜೆಯವರೆಗೆ ಕೆಸರನ್ನು ಹೊರಕ್ಕೆ ಹೊತ್ತುಹಾಕಿದೆವು. ತಂದೆಯವರು ಪಂಚೆಯನ್ನು ಮೇಲಕ್ಕೆ ಕಟ್ಟಿ, ಬಕೆಟ್ಟಿನಿಂದ ಮಣ್ಣನ್ನು ಹೊರುತ್ತಿದ್ದರು. ನಡುವೆ ಒಮ್ಮೆ ನಮ್ಮ ಕಣ್ಣುಗಳು ಕೂಡಿದವು. ಜೂನಿನಲ್ಲಿ ಅವರಾಡಿದ ಮಾತು ಇಬ್ಬರಿಗೂ ನೆನಪಾಗಿರಬೇಕು, ಅವರು ನಕ್ಕರು.

ಪೊಂಗಲ್ ಕಳೆದ ಮೇಲೆ ನರ್ಸರಿಯನ್ನು ಮೊದಲಿನಿಂದ ಕಟ್ಟಿದೆವು. ತಾರಸಿಯ ಮೇಲೆ ಉಳಿದಿದ್ದ ತಾಯಿಗಿಡಗಳಿಂದ ಕಡ್ಡಿ ಕಡಿದು, ಗೂಟಿ ಕಟ್ಟಿ, ಕಾದೆವು. ಮೇ ತಿಂಗಳ ಕತ್ತಿರಿ ಬರುವಷ್ಟರಲ್ಲಿ ನೆರಳುಬಲೆಯ ಕೆಳಗೆ ಮತ್ತೆ ಕೆಂಪು, ಹಳದಿ, ಹಸುರಿನ ಸಾಲುಗಳು ನಿಂತವು. ಅವುಗಳಲ್ಲಿ ನಲವತ್ತು ಕ್ರೋಟನ್ನುಗಳು ನಾನೇ ಗೂಟಿ ಕಟ್ಟಿ ಬೇರು ಬರಿಸಿದವು.

ಒಪ್ಪಿದ ಒಂದು ವರ್ಷ ಮುಗಿದಿತ್ತು. 2016ರ ಆಗಸ್ಟಿನಲ್ಲಿ ತಂದೆಯವರು ತಾವಾಗಿಯೇ, “ಬೆಂಗಳೂರಿಗೆ ಹೋಗಿ ಲಾಲ್‌ಬಾಗಿನ ಹೂವಿನ ಪ್ರದರ್ಶನ ನೋಡಿಕೊಂಡು ಬರುವ” ಎಂದರು. ಹೋದ ರೈಲಿನ ಹೆಸರೂ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸೇ. ಹೈದರಾಲಿಯು 1760ರಲ್ಲಿ ತೊಡಗಿಸಿದ ಆ ತೋಟ, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ, ಅದರೊಳಗೆ ಹೂವಿನ ರಾಶಿ. ಇವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅಲ್ಲಿ ನನ್ನನ್ನು ಸೆಳೆದುದು ಒಬ್ಬ ಮನುಷ್ಯನ ಕಥೆ. ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರರು ಡ್ರೆಸ್ಡನ್ ನಗರದ ಬಳಿ ಹುಟ್ಟಿ, ಹುಡುಗನಾಗಿದ್ದಾಗ ತೋಟದಲ್ಲಿ ನಮ್ಮ ಹಾಗೆಯೇ ಉಮೇದುವಾರಿ ಮಾಡಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡಾ ಸಂಸ್ಥಾನದಲ್ಲಿ ದುಡಿದು, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಹೂಸಾಲು ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ಆರಿಸಿ ನೆಡಿಸಿದ ಕೀರ್ತಿ ಅವರದು. 1932ರಲ್ಲಿ ನಿವೃತ್ತರಾದರೂ ತಾಯ್ನಾಡಿಗೆ ಮರಳದೆ 1956ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು. ಅವರೂ ಮೊದಲಿಗೆ ಪೂವಾಳಿಯನ್ನೇ ಹೊತ್ತಿರಬೇಕು; ಅವರೂ ಯಾವುದೋ ತಟ್ಟೆಯ ಸಸಿಗಳನ್ನು ಮುಳುಗಿಸಿಯೇ ಕಲಿತಿರಬೇಕು ಎಂದು ನಾನು ಮನಸ್ಸಿನಲ್ಲಿಯೇ ಸಮಾಧಾನ ತಂದುಕೊಂಡೆನು.

ಹಿಂದಿರುಗುವಾಗ ರೈಲಿನಲ್ಲಿ ತಂದೆಯವರು, “ಇನ್ನು ಎಷ್ಟು ವರ್ಷ ಕಲಿಯಲಿಕ್ಕಿದೆ?” ಎಂದು ಕೇಳಿದರು. ಮೇಸ್ತ್ರಿಯವರು ಇನ್ನೂ ಕಲಿಯುತ್ತಿದ್ದಾರೆಂದು ಹೇಳಿದೆನು. “ಹಾಗಾದರೆ ಬೇಗ ಹೋಗು, ನಾಳೆ ಬೆಳಿಗ್ಗೆ ನೀರಿಗೆ ತಡವಾದೀತು” ಎಂದರು.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಎಲ್ಲರೂ ತೋಟಗಾರರಾಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಂದು ಕುಂಡವನ್ನು ತಂದು, ತೂತಿನ ಮೇಲೆ ಓಡಿನ ಚೂರಿಟ್ಟು, ಒಂದು ದಾಸವಾಳದ ಕಡ್ಡಿಯನ್ನಾದರೂ ನೆಡಿ. ದಿನವೂ ಬೆಳಿಗ್ಗೆ ಗೆಣ್ಣಿನಿಂದ ತಟ್ಟಿ ಕೇಳಿ. ಗಿಡಕ್ಕೆ ಬಾಯಿಲ್ಲ, ನೀವು ಮಾಡಿದ ತಪ್ಪನ್ನು ಅದು ಯಾರಿಗೂ ಹೇಳುವುದಿಲ್ಲ. ಹಾಗೆಯೇ ಹೇಳದೆ ಸುಮ್ಮನಿರುವ ಮನುಷ್ಯರೂ ನಮ್ಮ ಸುತ್ತಲಿದ್ದಾರೆ. ಅವರ ಪರವಾಗಿ ಬಾಯಿ ತೆರೆಯಬೇಕಾದವರು ನಾವು. ಅದನ್ನು ನಾನು ನಾಲ್ಕು ದಿನ ತಡವಾಗಿ ಕಲಿತೆನು.

ಅಕ್ಕನು ಈಗಲೂ ಬೀಜ ಬಿತ್ತುತ್ತಾರೆ. ಕಣ್ಣು ಸ್ವಲ್ಪ ಮಂದವಾಗಿರುವುದರಿಂದ ಪೆಟೂನಿಯಾದ ಬೀಜವನ್ನು ಮರಳಿನಲ್ಲಿ ಬೆರೆಸಿಕೊಡುವ ಕೆಲಸ ನನ್ನದು. ತಟ್ಟೆಗಳಿಗೆ ಸಂಜೆಯ ಹೊತ್ತು ಯಾರೂ ನೀರು ಹಾಕದಂತೆ ಕಾಯುವುದೂ ನನ್ನದೇ.